ಕಾಕಾನ ನಲವತ್ತು ಸ್ಲೈಡುಗಳು

ಹೋದ ವಾರ ಹಲ್ಲುನೋವಿಗೆಂದು ಔಷಧಿ ಅಂಗಡಿಯಿಂದ ಲವಂಗದ ಎಣ್ಣೆ ತಂದೆ. ಹೆಬ್ಬೆರಳಿನಷ್ಟು ಎತ್ತರದ ಕಂದು ಬಾಟಲಿ. ಮುಚ್ಚಳ ತಿರುಗಿಸಿದ್ದೇ ತಡ, ಹಲ್ಲು ಮರೆತುಹೋಗಿ ಎದುರು ಮನೆಯ ಕಾಕಾ ನೆನಪಾದರು. ಹತ್ತಿಯ ಉಂಡೆ ಕೈಯಲ್ಲಿ ಹಿಡಿದುಕೊಂಡು ಅಡುಗೆಮನೆಯ ಕಟ್ಟೆಗೆ ಒರಗಿ ಎಷ್ಟು ಹೊತ್ತು ನಿಂತಿದ್ದೆನೋ... ನನ್ನ ಗಂಡ ಬಂದು, "ಎಂತ ಮಾರಾಯ್ತಿ, ಅಷ್ಟು ನೋವಾ?" ಎಂದು ಕೇಳಿದರು. ಹೌದು ಎಂದೆ.

ಬೇರೆಯವರ ಮನೆಯಲ್ಲಿ ಒಗ್ಗರಣೆಯ ವಾಸನೆ, ಇಲ್ಲವೇ ಲೋಬಾನದ ಹೊಗೆಯ ವಾಸನೆ ಇರುತ್ತದೆ. ಕಾಕಾನ ಮನೆಯಲ್ಲಿ ಇದ್ದದ್ದು ಲವಂಗದ ಎಣ್ಣೆಯದು. ಸೊಳ್ಳೆಯ ಕಾಲೋ ಜೇನಿನ ರೆಕ್ಕೆಯೋ ಏನೇ ಸಿಕ್ಕಲಿ, ಅದನ್ನು ಮೊದಲು ಸ್ಪಿರಿಟ್ಟಿನಲ್ಲಿ, ಆಮೇಲೆ ಈ ಎಣ್ಣೆಯಲ್ಲಿ ನೆನೆಸಿಡುತ್ತಿದ್ದರು. ಹಾಗೆ ನೆನೆದರೆ ಅದರ ಮೈ ತಿಳಿಯಾಗಿ, ಮೈಕ್ರೋಸ್ಕೋಪಿನ ಕೆಳಗೆ ಒಳಗಿನದೆಲ್ಲ ಕಾಣುತ್ತದೆ. ಅವರ ಹೆಂಡತಿ ಮಾಡಿದ ಉಪ್ಪಿಟ್ಟಿಗೂ ಆ ಮನೆಯಲ್ಲಿ ಸ್ವಲ್ಪ ಲವಂಗದ ರುಚಿ ಇರುತ್ತಿತ್ತು ಎಂದು ನನಗೆ ಈಗಲೂ ಅನುಮಾನ.

ಕಾಕಾ ಎಂದರೆ ರಕ್ತಸಂಬಂಧವೇನಲ್ಲ. ನಾನು ಉಡುಪಿ ಕಡೆಯವಳು, ಅವರು ಗದಗದ ಕಡೆಯವರು. ಒಮಾನಿನ ಸಲಾಲಾದ ಈ ಮೂರು ಮಾಳಿಗೆಯ ಕಟ್ಟಡದಲ್ಲಿ ನಮ್ಮದು ಎದುರುಬದುರು ಬಾಗಿಲು. ನನ್ನ ಗಂಡನಿಗೆ ಬಂದರಿನಲ್ಲಿ ಕೆಲಸ, ನನಗೆ ಶಾಲೆಯಲ್ಲಿ ಜೀವಶಾಸ್ತ್ರ ಕಲಿಸುವ ಕೆಲಸ, ಕಾಕಾನಿಗೆ ಬಾಟಲಿ ನೀರಿನ ಕಂಪನಿಯೊಂದರ ಲ್ಯಾಬಿನಲ್ಲಿ ನೀರು ಪರೀಕ್ಷಿಸುವ ಕೆಲಸ. ಅವರ ಹೆಂಡತಿಯನ್ನು ಕಾಕೂ ಎನ್ನುತ್ತಿದ್ದೆ. ಅವರಿಗೆ ಮಕ್ಕಳಿರಲಿಲ್ಲ, ಮಕ್ಕಳಿಗೆಂದು ಬಿಟ್ಟಿದ್ದ ಕೋಣೆಯಲ್ಲಿ ಮೈಕ್ರೋಸ್ಕೋಪು ಇತ್ತು. ಆ ಕಾಕಾ ಕೊನೆಗೆ ಎರಡೂ ಕಣ್ಣು ಕಳೆದುಕೊಂಡರು. ಅದರಲ್ಲಿ ನನ್ನ ಪಾಲೂ ಇದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಮೈಕ್ರೋಸ್ಕೋಪು ಹಳೆಯ ಕಾಲದ್ದು. ಕಪ್ಪು ಬಣ್ಣ, ಎತ್ತಿದರೆ ಕೈ ಸೋಲುವಷ್ಟು ಭಾರ, ಒಂದೇ ಕಣ್ಣಿನಲ್ಲಿ ನೋಡುವಂಥದ್ದು. ಮೊದಲ ಸಲ ಒಮಾನಿಗೆ ಬಂದಾಗ ಕಾಕಾ ಬಟ್ಟೆಬರೆ ಕಡಿಮೆ ಮಾಡಿ ಅದನ್ನು ಕೈಚೀಲದಲ್ಲಿ ತಂದಿದ್ದರಂತೆ. ಮಸ್ಕತ್ತಿನ ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸಿನವನು ಚೀಲ ಬಿಚ್ಚಿಸಿ "ಶು ಹಾದಾ?" ಎಂದು ಕೇಳಿದ. ಇದೇನು ಎಂದು ಅರಬಿಯಲ್ಲಿ ವಿವರಿಸಲು ಕಾಕಾನಿಗೆ ಬರಬೇಕಲ್ಲ. ಜೇಬಿನಿಂದ ನೊಣದ ಕಾಲಿನ ಸ್ಲೈಡು ತೆಗೆದು, ಅಲ್ಲೇ ಮೇಜಿನ ಮೇಲೆ ಯಂತ್ರ ನಿಲ್ಲಿಸಿ, ಅದರ ಪುಟ್ಟ ಕನ್ನಡಿಯನ್ನು ಟ್ಯೂಬ್‌ಲೈಟಿಗೆ ತಿರುಗಿಸಿ, ನೋಡು ಎಂದರು. ಅವನು ನೋಡಿದ. ಇನ್ನೊಬ್ಬನನ್ನು ಕರೆದ. ಅವನೂ ನೋಡಿದ. ಹಿಂದೆ ಸಾಲು ನಿಂತಿದ್ದವರು ಗೊಣಗತೊಡಗಿದ ಮೇಲೆ "ಯಲ್ಲಾ, ಖಲಾಸ್" ಎಂದು ಕಳುಹಿಸಿದರಂತೆ. ಈ ಕಥೆಯನ್ನು ಕಾಕಾ ನನಗೆ ಕಡಿಮೆಯೆಂದರೂ ಇಪ್ಪತ್ತು ಸಲ ಹೇಳಿರಬೇಕು. ಪ್ರತಿ ಸಲವೂ ಸಾಲು ಉದ್ದವಾಗುತ್ತಿತ್ತು.

ಜೀವಶಾಸ್ತ್ರದ ಟೀಚರ್ ಎಂದು ಊರೆಲ್ಲ ಹೇಳಿಕೊಂಡು ತಿರುಗುವ ನಾನು ಮೈಕ್ರೋಸ್ಕೋಪು ನೋಡುವುದನ್ನು ಸರಿಯಾಗಿ ಕಲಿತದ್ದು ಆ ಕೋಣೆಯಲ್ಲಿ. ಕಾಲೇಜಿನಲ್ಲಿ ಆರು ಜನರಿಗೆ ಒಂದರಂತೆ ಇತ್ತು, ನನ್ನ ಸರದಿ ಬರುವಾಗ ಗಂಟೆ ಹೊಡೆಯುತ್ತಿತ್ತು. ಕಾಕಾನ ಮನೆಯಲ್ಲಿ ಶುಕ್ರವಾರ ಮಧ್ಯಾಹ್ನವಿಡೀ ನನ್ನದೇ. ಎ.ಸಿ.ಯಿಂದ ತೊಟ್ಟಿಕ್ಕಿದ ಬಕೆಟ್ಟಿನ ನೀರು, ಒಂಟೆಯ ಹಾಲು, ಕಡಲತೀರದ ಮರಳು... ಆ ಮರಳಿನಲ್ಲಿ ಸಾಸಿವೆಗಿಂತ ಸಣ್ಣ ಶಂಖಗಳಿದ್ದವು. ಒಮ್ಮೆ ಕಾಕೂ ಹೆಪ್ಪು ಹಾಕಿದ ಮೊಸರನ್ನೂ ನೋಡಿದೆವು. ಅದರಲ್ಲಿ ಕಂಡದ್ದನ್ನು ಕಾಕಾ ಸಂಭ್ರಮದಿಂದ ಬಣ್ಣಿಸಿದಾಗ ಕಾಕೂ, "ಊಟಾ ಮಾಡೂ ಮುಂದ ಇನ್ನೊಂದ್ಸಲಾ ಈ ಮಾತ ತಗದ್ರ ಆ ನಿಮ್ಮ ದುರ್ಬೀನ ಕಸದ ಡಬ್ಬಿಗೆ ಹಾಕ್ತೀನಿ ನೋಡ್ರಿ" ಎಂದು ಗದರಿದರು. ಎಷ್ಟು ವರ್ಷವಾದರೂ ಅವರು ಅದನ್ನು ದುರ್ಬೀನ ಎಂದೇ ಕರೆಯುತ್ತಿದ್ದರು.

ಜೂನ್ ಕಳೆದು ಖರೀಫಿನ, ಅಂದರೆ ಇಲ್ಲಿನ ಮಳೆಗಾಲದ, ಜಿಟಿಜಿಟಿ ಹನಿ ಶುರುವಾದರೆ ಕಾಕಾನನ್ನು ಹಿಡಿಯುವವರಿರಲಿಲ್ಲ. ದೂರದೂರದಿಂದ ಜನ ಹಸಿರು ಗುಡ್ಡ ನೋಡಲು ಕಾರು ಕಟ್ಟಿಕೊಂಡು ಬರುತ್ತಿದ್ದರೆ ಇವರು ತೆಂಗಿನ ತೋಟಗಳಲ್ಲಿ ಮರದ ಬುಡ ಕೆರೆಯುತ್ತಾ ಕೂತಿರುತ್ತಿದ್ದರು. ಒಂಬತ್ತು ತಿಂಗಳು ಧೂಳಾಗಿ ಬಿದ್ದಿದ್ದ ಪಾಚಿಗೆ ನಾಲ್ಕು ಹನಿ ನೀರು ಬಿದ್ದರೆ ಅದರೊಳಗಿನ ಹುಳುಗಳು ಎದ್ದು ಓಡಾಡತೊಡಗುತ್ತವೆ. ಅದನ್ನು ಅವರು ಪ್ರತಿ ವರ್ಷ ಮೊದಲ ಸಲ ನೋಡಿದಂತೆಯೇ ನೋಡುತ್ತಿದ್ದರು. ನನ್ನ ಮಗಳನ್ನು ಕರೆದು ತೋರಿಸಿದರೆ ಅವಳು "ಈವ್, ದಟ್ಸ್ ಗ್ರೋಸ್" ಎಂದು ಓಡಿದಳು. ಕಾಕಾ, "ಗ್ರಾಸ್ ಅಲ್ಲವ್ವಾ, ಪಾಚಿ" ಎಂದರು. ನಾನು ನಕ್ಕುಬಿಟ್ಟೆ.

ಅವರು ಕಲಿಸಿದ ಮೊದಲ ಪಾಠ ಕಣ್ಣಿನದು. ನಾನು ಎಲ್ಲರಂತೆ ಎಡಗಣ್ಣು ಮುಚ್ಚಿ ಬಲಗಣ್ಣಿನಿಂದ ನೋಡಲು ಹೋದೆ.

"ಹಂಗ ಮುಚ್ಚಬಾರದು ತಂಗೀ. ಎರಡೂ ಕಣ್ಣ ತಗದ ಇಡು. ಬಲಗಣ್ಣೀಲೆ ನೋಡು, ಎಡಗಣ್ಣ ಏನ ತೋರಸ್ತೈತಿ ಅದನ್ನ ಮನಸಿಗೆ ಹಚಿಗೋಬ್ಯಾಡ" ಎಂದರು.

ಒಂದು ಕಣ್ಣು ಮುಚ್ಚಿ ಹಿಡಿದರೆ ಹತ್ತು ನಿಮಿಷಕ್ಕೆ ತಲೆ ಸಿಡಿಯುತ್ತದೆ, ಅದು ನಿಜ. ಆದರೆ ಎರಡೂ ತೆರೆದಿಟ್ಟರೆ ಹುಳುವಿನ ಮೇಲೆ ಮೇಜು, ಮೇಜಿನ ಮೇಲೆ ಚಹಾದ ಲೋಟ, ಎಲ್ಲ ಕಲಸುಮೇಲೋಗರ. ನನಗೆ ತಿಂಗಳೊಪ್ಪತ್ತು ಬೇಕಾಯಿತು. ಆಮೇಲೆ ಒಂದು ದಿನ ಮೇಜು, ಲೋಟ ತಾವಾಗಿಯೇ ಮಾಯವಾದವು. ಕಾಕಾನಿಗೆ ಆ ಅಭ್ಯಾಸ ಮೂವತ್ತು ವರ್ಷದ್ದು. ಎರಡು ಕಣ್ಣಿನ ಹೊಸ ಮೈಕ್ರೋಸ್ಕೋಪು ತರಿಸಿಕೊಳ್ಳಿ ಎಂದು ನನ್ನ ಗಂಡ ಎಷ್ಟೋ ಸಲ ಹೇಳಿದ್ದರು. "ನಾವೇನ ಸಿನಿಮಾ ನೋಡಾಕತ್ತೀವೇನು?" ಎಂದು ಕಾಕಾ ತಳ್ಳಿಹಾಕುತ್ತಿದ್ದರು. ತರಿಸಿಕೊಂಡಿದ್ದರೆ ಮೊದಲ ದಿನವೇ ಗೊತ್ತಾಗುತ್ತಿತ್ತು.

ಗೊತ್ತಾಗುವ ಬೇರೆ ದಾರಿಗಳೂ ಇದ್ದವು. ಎಡಗಡೆ ಇಟ್ಟ ಚಹಾದ ಲೋಟವನ್ನು ಕಾಕಾ ಮೊಣಕೈಯಿಂದ ಉರುಳಿಸುತ್ತಿದ್ದರು. ಬಾಗಿಲು ದಾಟುವಾಗ ಎಡಭುಜ ಚೌಕಟ್ಟಿಗೆ ಬಡಿಯುತ್ತಿತ್ತು. ಎಡದಿಂದ ಯಾರಾದರೂ ಬಂದರೆ ಬೆಚ್ಚಿಬೀಳುತ್ತಿದ್ದರು. "ಎಡಗಡೆಯ ಮೇಲೆ ಎಂತ ಸಿಟ್ಟು ಕಾಕಾ ನಿಮಗೆ?" ಎಂದು ನಾನು ಚೇಷ್ಟೆ ಮಾಡುತ್ತಿದ್ದೆ. ಕಾಕೂ ನನಗಿಂತ ಜೋರಾಗಿ ನಗುತ್ತಿದ್ದರು. ಮಕ್ಕಳಿಗೆ ಕಣ್ಣಿನ ಚಿತ್ರ ಬರೆಸಿ ಭಾಗಗಳನ್ನು ಹೆಸರಿಸಿ ಎಂದು ಅಂಕ ಕೊಡುವವಳು ನಾನು. ನನಗೂ ಹೊಳೆಯಲಿಲ್ಲ.

ಒಂದು ಖರೀಫಿನ ಶುಕ್ರವಾರ ಕಾಕಾನ ಬಲಗಣ್ಣಿನ ರೆಪ್ಪೆಯ ಮೇಲೆ ಕುರು ಎದ್ದು ಊದಿಕೊಂಡಿತ್ತು. ಹೊಸ ಪಾಚಿ ಬಂದಿರುವಾಗ ಸುಮ್ಮನೆ ಕೂರುವ ಜೀವವೇ ಅದು? ಇವತ್ತೊಂದು ದಿನ ಎಡಗಣ್ಣಿಗೆ ಕೆಲಸ ಕೊಡೋಣ ಎಂದು ಬಗ್ಗಿದರು. ಹಳೆಯ ಕನ್ನಡಿಯ ಜಾಗದಲ್ಲಿ ಅವರು ಪುಟ್ಟ ಬಲ್ಬೊಂದನ್ನು ಕೂರಿಸಿಕೊಂಡಿದ್ದರು. ಸ್ವಲ್ಪ ಹೊತ್ತು ತಿರುಪು ತಿರುಗಿಸಿ, "ಬಲ್ಬ್ ಹೋಗೈತಿ ತಂಗೀ" ಎಂದರು. ಡ್ರಾಯರಿನಲ್ಲಿ ತಡಕಾಡಿ ಹೊಸದು ಹಾಕಿದರು. ಮತ್ತೆ ಬಗ್ಗಿದರು. "ಇದೂ ಹೋಗೇತೇನು?"

"ಉರೀತಾ ಉಂಟಲ್ಲ ಕಾಕಾ" ಎಂದೆ. ಪಕ್ಕದಲ್ಲಿ ಕೂತಿದ್ದ ನನಗೆ ಸ್ಲೈಡಿನ ಮೇಲೆ ಬಿದ್ದ ಬೆಳಕು ಚೆನ್ನಾಗಿ ಕಾಣುತ್ತಿತ್ತು.

ಕಾಕಾ ತಲೆಯೆತ್ತಿದರು. ಊದಿದ ಬಲಗಣ್ಣಿನಿಂದ ಬಲ್ಬನ್ನು ನೋಡಿದರು. ಆಮೇಲೆ ಅದೇ ಕಣ್ಣಿನ ಮೇಲೆ ಅಂಗೈ ಮುಚ್ಚಿಕೊಂಡು ನನ್ನ ಕಡೆ ತಿರುಗಿದರು. ಕಿಟಕಿಯ ಕಡೆ ತಿರುಗಿದರು. ಮತ್ತೆ ನನ್ನ ಕಡೆ.

"ನೀ ಎಲ್ಲೆ ಕುಂತೀ?" ಎಂದು ಕೇಳಿದರು.

ನಾನು ಅವರ ಎದುರಿಗೇ ಇದ್ದೆ. ಕೈ ಚಾಚಿದರೆ ಸಿಗುವಷ್ಟು ಹತ್ತಿರ... ಎಡಗಣ್ಣು ತೋರಿಸಿದ್ದನ್ನು ಮನಸ್ಸಿಗೆ ಹಚ್ಚಿಕೊಳ್ಳದೆ ಅಷ್ಟು ವರ್ಷ ಕಳೆದವರಿಗೆ, ಅದು ಏನನ್ನೂ ತೋರಿಸದೆ ಹೋದದ್ದೂ ತಿಳಿದಿರಲಿಲ್ಲ.

ಆಸ್ಪತ್ರೆಗೆ ನಾನೂ ಹೋಗಿದ್ದೆ. ಡಾಕ್ಟರು ಹೇಳಿದ್ದು ತಿಳಿಯುವವರು ಒಬ್ಬರು ಬೇಕು ಎಂದು ಕಾಕೂ ನನ್ನನ್ನು ಕರೆದುಕೊಂಡು ಹೋದರು. ಕಣ್ಣಿನೊಳಗಿನ ಒತ್ತಡ ಹೆಚ್ಚಾಗಿ ನರ ಸಾಯುವ ಕಾಯಿಲೆ, ಗ್ಲಾಕೋಮಾ. ನೋವಿಲ್ಲ, ಕೆಂಪಿಲ್ಲ, ಏನೂ ಇಲ್ಲ. ಎಡಗಣ್ಣು ಪೂರ್ತಿ ಹೋಗಿತ್ತು. ಬಲಗಣ್ಣಿನ ನೋಟವೂ ಅಂಚಿನಿಂದ ಸವೆಯತೊಡಗಿತ್ತು. ಹೋದದ್ದು ಮರಳಿ ಬರುವುದಿಲ್ಲ, ಉಳಿದದ್ದನ್ನು ಉಳಿಸಿಕೊಳ್ಳಬಹುದು, ದಿನಕ್ಕೆ ನಾಲ್ಕು ಸಲ ಹನಿ ಹಾಕಬೇಕು, ಒಂದು ಸಲವೂ ತಪ್ಪಬಾರದು. ಡಾಕ್ಟರು ಇದನ್ನು ಹಿಂದಿಯಲ್ಲಿ ಒಮ್ಮೆ, ಇಂಗ್ಲಿಷಿನಲ್ಲಿ ಒಮ್ಮೆ ಹೇಳಿದರು. ನಾನು ಕಾಕೂಗೆ ಕನ್ನಡದಲ್ಲಿ ಹೇಳಿದೆ. ಅಂದರೆ ಮೂರು ಭಾಷೆಯಲ್ಲಿ ನನಗೆ ಅದು ಗೊತ್ತಿತ್ತು.

ಆ ಹನಿ ಹಾಕಿದರೆ ಕಣ್ಣಿನ ಪಾಪೆ ಸೂಜಿಯ ಮೊನೆಯಷ್ಟಾಗುತ್ತಿತ್ತು. ಹುಬ್ಬಿನ ಮೇಲೆ ನೋವು, ಎರಡು ಮೂರು ಗಂಟೆ ಎಲ್ಲ ಮಬ್ಬು. ಊಟ ಮಾಡಲು, ನಡೆದಾಡಲು ತೊಂದರೆಯಿರಲಿಲ್ಲ. ಮೈಕ್ರೋಸ್ಕೋಪಿನೊಳಗೆ ಮಾತ್ರ ಏನೂ ಕಾಣುತ್ತಿರಲಿಲ್ಲ. ಒಂದು ಮಬ್ಬು ಇಳಿಯುವಷ್ಟರಲ್ಲಿ ಮುಂದಿನ ಹನಿಯ ಹೊತ್ತಾಗುತ್ತಿತ್ತು.

ಶುಕ್ರವಾರ ಮಧ್ಯಾಹ್ನ ಕಾಕೂ ಭಜನೆಗೆ ಹೋಗುತ್ತಿದ್ದರು. ಹೊರಡುವಾಗ ಚಪ್ಪಲಿ ಮೆಟ್ಟುತ್ತಲೇ, "ನಾಲ್ಕಕ್ಕ ಹನಿ ಹಾಕಸವ್ವಾ, ನೀ ಇದ್ದೀ ಅಂತ ನಾ ಹೊಂಟೀನಿ" ಎನ್ನುತ್ತಿದ್ದರು. ಆಯಿತು ಕಾಕೂ ಎನ್ನುತ್ತಿದ್ದೆ.

ಆ ವರ್ಷ ನನ್ನ ತಲೆಯಲ್ಲಿ ಶಾಲೆಯ ವಿಜ್ಞಾನ ಪ್ರದರ್ಶನ ಹೊಕ್ಕಿತ್ತು. ಜನವರಿಯಲ್ಲಿ ಪ್ರದರ್ಶನ, ನನ್ನದೊಂದು ಮೇಜು, ಅದರ ಮೇಲೆ ಸಲಾಲಾದ್ದೇ ನಲವತ್ತು ಸ್ಲೈಡು: ತೆಂಗಿನ ಹೂವಿನ ಪರಾಗ, ಬಾಳೆಯ ನಾರು, ಒಂಟೆಗಳಿಗೆಂದು ದಂಡೆಯಲ್ಲಿ ಒಣಹಾಕುವ ಬೂತಾಯಿ ಮೀನಿನ ಚಿಪ್ಪು. ಪೇಟೆಯಲ್ಲಿ ಸಿಗುವ ಸ್ಲೈಡು ತಂದು ಜೋಡಿಸಿದರೆ ಯಾರು ನೋಡುತ್ತಾರೆ? ಕಾಯಿಲೆ ಗೊತ್ತಾಗುವ ಮೊದಲೇ ಕಾಕಾನನ್ನು ಕೇಳಿದ್ದೆ. ಗೊತ್ತಾದ ಮೇಲೆ ಬೇಡ ಎನ್ನಬೇಕಿತ್ತು, ಅನ್ನಲಿಲ್ಲ. "ನಿಮಗೆ ಆಗುದಾದರೆ ಮಾತ್ರ ಕಾಕಾ" ಎಂದೆ. ಆಗುವುದಿಲ್ಲ ಎಂದು ಅವರು ಹೇಳುವುದಿಲ್ಲವೆಂದು ಗೊತ್ತಿದ್ದೇ ಹಾಗೆ ಹೇಳಿದೆ.

ಮೊದಲ ಶುಕ್ರವಾರ ನಾಲ್ಕು ಗಂಟೆಗೆ ಬಾಟಲಿ ಹಿಡಿದು ನಿಂತೆ. ಕಾಕಾ ಕೂದಲಿಗಿಂತ ಸಪೂರವಾದ ಸೂಜಿಯಿಂದ ನೊಣದ ನಾಲಗೆಯನ್ನು ಬಿಡಿಸಿ ಹರಡುತ್ತಿದ್ದರು.

"ಇದೊಂದ ಮುಗೀಲಿ ತಂಗೀ. ಈಗ ಹನಿ ಬಿತ್ತಂದ್ರ ಇದು ಕೆಟ್ಟಂಗ. ಒಂದ ತಾಸು ತಡಾ ಆದ್ರ ಏನ ಆಕ್ಕೈತಿ?"

ಬಾಟಲಿಯನ್ನು ಕೆಳಗಿಟ್ಟೆ. ಒಂದು ತಾಸು ಎರಡಾಯಿತು. ಕಾಕೂ ಬಂದು, ಹಾಕಿದರೇ ಎಂದು ಕೇಳಿದರು. ಕಾಕಾ ನನ್ನ ಮುಖ ನೋಡಿದರು. "ಹಾಕಿದ್ರು ಕಾಕೂ" ಎಂದೆ. ಅದೇನೂ ಕಷ್ಟದ ಸುಳ್ಳಾಗಿರಲಿಲ್ಲ, ಚಹಾ ಕುಡಿದಾಯಿತು ಎನ್ನುವಷ್ಟು ಸಲೀಸಾಗಿ ಬಂತು. ಮುಂದಿನ ವಾರಗಳಲ್ಲಿ ಬಾಟಲಿ ಹಿಡಿದು ನಿಲ್ಲುವುದನ್ನೂ ಬಿಟ್ಟೆ.

ಬರೀ ಶುಕ್ರವಾರವಾಗಿದ್ದರೆ ಇಷ್ಟಾಗುತ್ತಿರಲಿಲ್ಲವೇನೋ... ಕಾಕಾ ಕೆಲಸದಿಂದ ಬಂದ ಸಂಜೆಗಳಲ್ಲೂ ಹನಿ ತಪ್ಪಿಸಿ ಸ್ಲೈಡಿಗೆ ಕೂರುತ್ತಿದ್ದರು. ಹಾಕಿಕೊಂಡೆ ಎಂದು ಕಾಕೂಗೆ ತಾವೇ ಹೇಳಿಬಿಡುತ್ತಿದ್ದರು. ತಿಂಗಳಿಗೆ ಮುಗಿಯಬೇಕಾದ ಬಾಟಲಿ ಎರಡು ತಿಂಗಳಾದರೂ ಅರ್ಧದಷ್ಟಿತ್ತು. ಒಂದು ದಿನ ಅದನ್ನು ಬೆಳಕಿಗೆ ಹಿಡಿದು ನೋಡಿದೆ. ಕಾಕಾನೂ ನನ್ನನ್ನು ನೋಡಿದರು. "ನಲವತ್ತ ಮುಗೀಲಿ, ಆಮ್ಯಾಲೆ ನೇಮ ಹಿಡದ ಹಾಕ್ಕೊಂತೀನಿ. ಕಾಕೂ ಮುಂದ ಬಾಯಿ ಬಿಡಬ್ಯಾಡ" ಎಂದರು. ಆಗ ಮುಗಿದದ್ದು ಇಪ್ಪತ್ತಾರು. ಇನ್ನೂ ಹದಿನಾಲ್ಕು ಬಾಕಿಯಿದೆ, ಪ್ರದರ್ಶನಕ್ಕೆ ಐದೇ ವಾರ ಇದೆ ಎಂಬುದು ನನಗೆ ಮೊದಲು ಹೊಳೆಯಿತು. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ.

ಪ್ರತಿ ಸ್ಲೈಡಿನ ತುದಿಗೆ ಪುಟ್ಟ ಚೀಟಿ ಅಂಟಿಸಿ ಕಾಕಾ ಹೆಸರು ಬರೆಯುತ್ತಿದ್ದರು. ಮೊದಲಿನವು ಅಚ್ಚು ಹಾಕಿದಂತಿದ್ದವು. ಮೂವತ್ತು ದಾಟಿದ ಮೇಲೆ ಅಕ್ಷರಗಳು ಚೀಟಿಯ ಅಂಚಿನಿಂದ ಹೊರಗೆ, ಬರೀ ಗಾಜಿನ ಮೇಲೆ ಹೋಗತೊಡಗಿದವು. ನಾನು ಅವನ್ನು ಕಿತ್ತು, ಕಂಪ್ಯೂಟರಿನಲ್ಲಿ ಚಂದದ ಹೊಸ ಚೀಟಿ ಮುದ್ರಿಸಿ ಅಂಟಿಸಿದೆ. ಯಾಕೆ ಹಾಗಾಗುತ್ತಿದೆ ಎಂದು ಕೇಳಲಿಲ್ಲ.

ಪ್ರದರ್ಶನದ ದಿನ ಕಾಕಾ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದರು. ಮಕ್ಕಳು ಸಾಲುಗಟ್ಟಿ ನೋಡಿ "ಸೋ ಕೂಲ್ ಅಂಕಲ್" ಎಂದಾಗ ಅವರ ಮುಖ ಅರಳಿತ್ತು. ನಮ್ಮ ಮೇಜಿಗೆ ಮೊದಲ ಬಹುಮಾನ ಬಂತು. ಪ್ರಮಾಣಪತ್ರದಲ್ಲಿ ನನ್ನ ಹೆಸರಿತ್ತು. ಮೆಟ್ಟಿಲಿಳಿಯುವಾಗ ಕಾಕಾ ನನ್ನ ತೋಳು ಹಿಡಿದುಕೊಂಡರು. ಖುಷಿಗೆ ಹಿಡಿದರೆಂದು ತಿಳಿದೆ. ಮೆಟ್ಟಿಲು ಕಾಣದೆ ಹಿಡಿದಿದ್ದರು.

ಅಲ್ಲಿಂದ ಮುಂದೆ ಅವರು ಒಂದು ಹನಿಯನ್ನೂ ತಪ್ಪಿಸಲಿಲ್ಲ. ಆದರೆ ತಡವಾಗಿತ್ತು. ಮಸ್ಕತ್ತಿಗೆ ಹೋಗಿ ಶಸ್ತ್ರಚಿಕಿತ್ಸೆಯನ್ನೂ ಮಾಡಿಸಿಕೊಂಡು ಬಂದರು, ಅದರಿಂದಲೂ ಏನೂ ಆಗಲಿಲ್ಲ. ನೋಟ ದಿನೇ ದಿನೇ ಕುಗ್ಗಿ ನಡುವೆ ಒಂದು ಬಿಲ್ಲೆಯಷ್ಟು ಉಳಿಯಿತು. "ಈಗ ನನಗ ಮೈಕ್ರೋಸ್ಕೋಪ ಬ್ಯಾಡ ನೋಡು, ಎಲ್ಲಾನೂ ಹಂಗ ಕಾಣತೈತಿ" ಎಂದು ನಗಿಸಲು ನೋಡಿದರು. ನಾವು ಯಾರೂ ನಗಲಿಲ್ಲ. ಮುಂದಿನ ಖರೀಫಿನಲ್ಲಿ ನಾನು ಪಾಚಿ ಕೆರೆದು ತಂದುಕೊಟ್ಟೆ. ಕಾಕಾ ತುಂಬ ಹೊತ್ತು ಬಗ್ಗಿ ತಿರುಪು ತಿರುಗಿಸಿದರು. ಆಮೇಲೆ ಎದ್ದು, ಯಂತ್ರಕ್ಕೆ ಬಟ್ಟೆ ಹೊದಿಸಿ, ಅದರ ಅಂಚುಗಳನ್ನು ಕೈಯಿಂದ ಸವರಿ ಸರಿಮಾಡಿದರು. ಬಲ್ಬಿನ ಬಗ್ಗೆ ಏನೂ ಕೇಳಲಿಲ್ಲ.

ಕಣ್ಣಿಲ್ಲದವರಿಗೆ ಲ್ಯಾಬಿನಲ್ಲಿ ಕೆಲಸವಿಲ್ಲ, ಕೆಲಸವಿಲ್ಲದವರಿಗೆ ಈ ದೇಶದಲ್ಲಿ ವೀಸಾ ಇಲ್ಲ. ಅವರಿಬ್ಬರೂ ಹುಬ್ಬಳ್ಳಿಗೆ ಹೋಗಿ ಮನೆ ಮಾಡಿದರು. ಮೊದಮೊದಲು ಕಾಕಾ ಶುಕ್ರವಾರ ಫೋನ್ ಮಾಡಿ, "ಇವತ್ತ ಏನ ನೋಡಿದಿ?" ಎಂದು ಕೇಳುತ್ತಿದ್ದರು. ನಾನು ಏನನ್ನೂ ನೋಡಿರುತ್ತಿರಲಿಲ್ಲ. ಆದರೂ ಪಾಠಪುಸ್ತಕದಲ್ಲಿದ್ದದ್ದನ್ನು ಬಣ್ಣಿಸಿ ಹೇಳುತ್ತಿದ್ದೆ. ಅವರಿಗೆ ತಿಳಿಯದೇ ಇರುತ್ತದೆಯೇ... ಕೇಳುವುದನ್ನು ನಿಲ್ಲಿಸಿದರು. ಆಮೇಲೆ ಫೋನ್ ಬರುವುದೂ ನಿಂತಿತು. ಮೂರು ತಿಂಗಳ ಹಿಂದೆ ಕಾಕಾ ತೀರಿಕೊಂಡರು. ಹೃದಯಾಘಾತ ಎಂದರು. ಎರಡೂ ಕಣ್ಣಿಗೆ ಕತ್ತಲೆ ತುಂಬಿ ಆಗಲೇ ಎರಡು ವರ್ಷವಾಗಿತ್ತು.

ಹೋದ ವಾರ ಕಾಕಾ ಬಿಡದೆ ನೆನಪಾದ ಆ ಸಂಜೆ ಕಾಕೂಗೆ ಫೋನ್ ಮಾಡಿದೆ. ಊಟ, ನಿದ್ದೆ, ನನ್ನ ಮಗಳ ಓದು, ಎಲ್ಲ ವಿಚಾರಿಸಿಕೊಂಡ ಮೇಲೆ ಕಾಕೂ ತಡೆದು ತಡೆದು ಹೇಳಿದರು.

"ಒಂದ ಕೇಳ್ತೀನಿ, ಖರೇ ಹೇಳವ್ವಾ. ಇಲ್ಲೆ ಔಷಧದ ಅಂಗಡ್ಯಾವ ಹೇಳಿದ, ಆ ಹನಿ ಫ್ರಿಜ್ಜಿನ್ಯಾಗ ಇಡಬೇಕಂತ. ನಾ ಅಡಗಿಮನಿ ಕಿಡಕ್ಯಾಗ ಇಡತಿದ್ದೆ, ಆ ಊರ ಝಳಕ್ಕ ಕೆಟ್ಟಿರತೈತಿ. ಅವರು ಪಾಪ ದಿನಾ ತಪ್ಪಲಾರದ ಹಾಕ್ಕೊಂಡ್ರು. ನನ್ನಿಂದನ ಅವರ ಕಣ್ಣ ಹೋದ್ವು, ಹೌದಿಲ್ಲ?"

ನಿಜ ಹೇಳಲು ಇದಕ್ಕಿಂತ ಒಳ್ಳೆಯ ಸಮಯ ಬರುವುದಿಲ್ಲವೆಂದು ಗೊತ್ತಿತ್ತು. ಬಾಯಿ ತೆರೆದೆ ಕೂಡ.

"ಇಲ್ಲ ಕಾಕೂ, ನಿಮ್ಮ ತಪ್ಪಲ್ಲ" ಎಂದೆ.

"ಮತ್ತ ಯಾರದವ್ವಾ?"

 

"ಯಾರದ್ದೂ ಅಲ್ಲ" ಎಂದೆ.

"ಸುಮ್ನ ಸಮಾಧಾನ ಮಾಡ್ತೀ ನೀ" ಎಂದು ಕಾಕೂ ಅಳತೊಡಗಿದರು. ಅಳುತ್ತಲೇ ಫೋನ್ ಇಟ್ಟರು. ನಾನು ಮತ್ತೆ ಮಾಡಿಲ್ಲ.